ಗೋವಾದ ರಾಡಿ ಬೇರೆ, ನಮ್ಮ ಎರಿ ಬೇರೆ: ಮೊದಲು ಯಾವ ಆಫ್‌ರೋಡ್ ಕೂಟಕ್ಕೆ ಹೋಗಬೇಕು?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಹೋದ ದೀಪಾವಳಿಗೆ 2021ರ ಮಹೀಂದ್ರಾ ಥಾರ್ ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ) ಡೀಸೆಲ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಅಣ್ಣಿಗೇರಿಯ ನಮ್ಮ ಹೊಲಕ್ಕೆ ಒಯ್ದದ್ದು ಬಿಟ್ಟರೆ ಡಾಂಬರು ಬಿಟ್ಟು ಎಲ್ಲೂ ಇಳಿಸಿಲ್ಲ. ಈಗ ಯಾವುದಾದರೂ ಆಫ್‌ರೋಡ್ ಕೂಟಕ್ಕೆ ಹೋಗುವ ಆಸೆ. ಒಬ್ಬ ಗೆಳೆಯ ಮಳೆಗಾಲದಲ್ಲಿ ಗೋವಾದ ಸ್ಪರ್ಧೆಗೆ ಹೆಸರು ಕೊಡು ಅನ್ನುತ್ತಾನೆ. ಇನ್ನೊಬ್ಬ ಕಂಪನಿಯವರ ಒಂದು ದಿನದ ಟ್ರೇಲ್ ಸಾಕು ಅನ್ನುತ್ತಾನೆ. ಮೂರನೆಯವನಿಗೆ ಟಿಎಸ್‌ಡಿ ರ‍್ಯಾಲಿಯೇ ದೊಡ್ಡದು. ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳು ತಾವೂ ಬರುತ್ತೇವೆ ಅನ್ನುತ್ತಿದ್ದಾರೆ. ಇವುಗಳಲ್ಲಿ ವ್ಯತ್ಯಾಸ ಏನು? ಮೊದಲು ಯಾವುದಕ್ಕೆ ಹೋಗಲಿ? ಇಲ್ಲವೇ ನಾವೇ ಏಳೆಂಟು ಗಾಡಿಯವರು ಸೇರಿ ಕಪ್ಪತಗುಡ್ಡದ ಕಡೆ ಒಂದು ಕೂಟ ಮಾಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಪ್ಪತಗುಡ್ಡ ಬೇಡ.

ಅದು 2019ರಿಂದ ವನ್ಯಜೀವಿ ಧಾಮ. ಸುಮಾರು 244 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಹಾದು ಹೋಗಬಹುದು. ಅದನ್ನು ಬಿಟ್ಟು ಒಳಗೆ ಗಾಡಿ ಇಳಿಸಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಳಿಯಂತ್ರಕ್ಕೆ ಮಾಡಿದ ದಾರಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಆ ದಾರಿ ಗಾಳಿಯಂತ್ರ ನೋಡಿಕೊಳ್ಳುವವರಿಗೆ ಇರುವುದು, ನಮಗಲ್ಲ. ಕಾನೂನಿನ ಮಾತು ಒಂದು ಕಡೆ ಇರಲಿ. ಆ ಗುಡ್ಡದಲ್ಲಿ ಗಣಿಗಾರಿಕೆ ಬೇಡ ಎಂದು ಗದಗ ಸೀಮೆಯ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರೇ ಮುಂದೆ ನಿಂತಿದ್ದರು. ತೋಳ, ಕತ್ತೆಕಿರುಬ ಓಡಾಡುವ ಜಾಗ ಅದು. ಇಳಿಜಾರಿನ ಹುಲ್ಲಿನ ಮೇಲೆ ಎಂಟು ಗಾಡಿ ಒಂದೇ ಸಾಲಿನಲ್ಲಿ ಹತ್ತಿದರೆ ಆ ಗಾಲಿಯ ಗೀರು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಆಮೇಲೆ ಅದು ಪ್ರತಿ ವರ್ಷ ಆಳವಾಗುತ್ತಲೇ ಹೋಗುತ್ತದೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗುಡ್ಡಕ್ಕೆ ನಾವು ಹೋಗಿ ಗೀರು ಎಳೆಯುವುದು ಸರಿಯಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಧಾಮಕ್ಕೂ ಇದೇ ಮಾತು. ಬಯಲು, ಕುರುಚಲು, ಗಾಡಿ ಓಡಿಸಲು ಎಷ್ಟು ಚೆಂದ ಅಂತ ಅನ್ನಿಸುತ್ತದೆ. ಅದು 1974ರಿಂದ ಧಾಮ. ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ದಂಡೆಗೂ ಹೋಗಬೇಡಿ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳಿಯುವ ಕೆರೆ ಅದು.

ಈಗ ಕೂಟಗಳ ಮಾತಿಗೆ ಬರೋಣ. ನಿಮ್ಮ ಮೂವರು ಗೆಳೆಯರೂ ಸುಳ್ಳು ಹೇಳಿಲ್ಲ. ಆದರೆ ಅವರು ಹೇಳುತ್ತಿರುವುದು ಮೂರು ಬೇರೆ ಬೇರೆ ಆಟಗಳನ್ನು. ಆಫ್‌ರೋಡ್ ಅನ್ನುವ ಒಂದೇ ಹೆಸರಿನಲ್ಲಿ ಎಲ್ಲವನ್ನೂ ಕರೆಯುವುದರಿಂದ ಹೊಸಬರಿಗೆ ಗೊಂದಲ ಆಗುತ್ತದೆ.

ಗೋವಾದ ಸ್ಪರ್ಧೆ ಅಂದರೆ ರೇನ್‌ಫಾರೆಸ್ಟ್ ಚಾಲೆಂಜ್. ಇದರ ಮೂಲ ಮಲೇಷ್ಯಾ. ಅಲ್ಲಿ 1997ರಲ್ಲಿ ಶುರುವಾಯಿತು, ವರ್ಷದ ಕೊನೆಯ ಮಳೆಗಾಲದಲ್ಲಿ ಕಾಡಿನೊಳಗೆ ನಡೆಯುವ ಸ್ಪರ್ಧೆ. ಭಾರತಕ್ಕೆ ಬಂದದ್ದು 2014ರಲ್ಲಿ, ಗೋವಾಕ್ಕೆ. ಇಲ್ಲಿ ಯಾರೂ ಊರಿಂದ ಊರಿಗೆ ಹೋಗುವುದಿಲ್ಲ. ರಾಡಿ ಗುಂಡಿ, ಕಡಿದಾದ ದಿಬ್ಬ, ಹಳ್ಳ, ಇಂಥ ಕಡೆ ಟೇಪು ಕಟ್ಟಿ ಹಂತಗಳನ್ನು ಗುರುತು ಮಾಡಿರುತ್ತಾರೆ. ಕೊಟ್ಟ ಸಮಯದಲ್ಲಿ ಆ ಹಂತ ದಾಟಬೇಕು. ಟೇಪಿಗೆ ತಾಗಿದರೆ ದಂಡ. ಚಾಲಕನಷ್ಟೇ ಕೆಲಸ ಸಹಚಾಲಕನಿಗೂ ಇರುತ್ತದೆ. ಅವನು ಮೊಣಕಾಲು ಮಟ್ಟದ ರಾಡಿಯಲ್ಲಿ ವಿಂಚಿನ (ಹಗ್ಗ ಸುತ್ತಿಕೊಂಡು ಗಾಡಿಯನ್ನು ಜಗ್ಗುವ ಯಂತ್ರದ) ಹಗ್ಗ ಹೊತ್ತು ಓಡುತ್ತಾನೆ, ಮರಕ್ಕೆ ಪಟ್ಟಿ ಸುತ್ತುತ್ತಾನೆ, ಕೂಗಿ ಹೇಳುತ್ತಾನೆ, ಮತ್ತೆ ಬಂದು ಕೂರುತ್ತಾನೆ. ಇದು ದಿನಗಟ್ಟಲೆ ನಡೆಯುತ್ತದೆ. ಗೆಲ್ಲುವ ಗಾಡಿಗಳ ಒಳಗೆ ಕಬ್ಬಿಣದ ಪಂಜರ ಇರುತ್ತದೆ. ಮುಂದೆ ವಿಂಚ್, ಹಲವಕ್ಕೆ ಹಿಂದೆಯೂ ವಿಂಚ್. ಎರಡೂ ಆಕ್ಸಲ್‌ಗೆ ಲಾಕ್, ಅಂದರೆ ಎಡ ಬಲದ ಗಾಲಿ ಒಟ್ಟಿಗೇ ತಿರುಗುವ ವ್ಯವಸ್ಥೆ.

ನಿಮ್ಮ ಥಾರ್ ಒಳ್ಳೆಯ ಗಾಡಿ. ನೆಲದಿಂದ 226 ಮಿಲಿಮೀಟರ್ ಎತ್ತರ, 650 ಮಿಲಿಮೀಟರ್ ನೀರಿನವರೆಗೆ ಇಳಿಯಬಹುದು ಅಂತ ಕಂಪನಿಯೇ ಹೇಳಿದೆ. ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಫೋರ್ ಲೋ ಗೇರ್ ಇದೆ. ಆದರೂ ಷೋರೂಮಿನಿಂದ ಬಂದ ಹಾಗೆಯೇ ಇರುವ ಗಾಡಿಯನ್ನು, ಇನ್ನೂ ಅದರ ಗುಣ ತಿಳಿಯದವರು, ಅಲ್ಲಿಗೆ ಒಯ್ಯಬಾರದು. ಹಾಗಂತ ಅದಕ್ಕೆ ತಕ್ಕ ಹಾಗೆ ಗಾಡಿ ಬದಲಾಯಿಸಲು ಹೊರಟರೆ ಇನ್ನೊಂದು ತೊಂದರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಲ್ಲಿ ಇರುವ ಗಾಡಿಯ ಮೂಲ ರೂಪ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅಂಗಡಿಗೆ ಹೋಗಿ ಬರುವ ಗಾಡಿಯೇ ಸ್ಪರ್ಧೆಯ ಗಾಡಿ ಆಗುವುದು ಕಷ್ಟ.

ಆದರೆ ಗೋವಾಕ್ಕೆ ನೋಡಲು ಹೋಗಿ. ಮನಸಾರೆ ಹೇಳುತ್ತೇನೆ. ಹುಬ್ಬಳ್ಳಿಯಿಂದ ನಾಲ್ಕೈದು ತಾಸಿನ ದಾರಿ. ಮಳೆಯಲ್ಲಿ ರೇನ್‌ಕೋಟ್ ಹಾಕಿ ಟೇಪಿನ ಆಚೆ ನಿಂತು ಒಂದು ದಿನ ನೋಡಿದರೆ ಎಷ್ಟೋ ವಿಡಿಯೋ ನೋಡಿದ್ದಕ್ಕಿಂತ ಜಾಸ್ತಿ ಕಲಿಯುತ್ತೀರಿ. ಗೆಲ್ಲುವವರು ಆಕ್ಸಿಲರೇಟರ್ ಎಷ್ಟು ಕಡಿಮೆ ತುಳಿಯುತ್ತಾರೆ ಅನ್ನುವುದನ್ನು ಗಮನಿಸಿ. ಹಂತ ಶುರುವಾಗುವ ಮುಂಚೆ ಅವರು ಗಾಡಿ ಇಳಿದು ನಡೆದು ನೋಡುವುದನ್ನೂ ಗಮನಿಸಿ.

ಕಂಪನಿ ಟ್ರೇಲ್‌ಗಳಲ್ಲಿ ನಮ್ಮ ಕಡೆಯವರಿಗೆ ಪರಿಚಯ ಇರುವುದು ಮಹೀಂದ್ರಾದ ಗ್ರೇಟ್ ಎಸ್ಕೇಪ್. ಅವರದೇ ಫೋರ್ ಬೈ ಫೋರ್ ಗಾಡಿ ಇದ್ದವರಿಗೆ ಮಾತ್ರ. ಇಲ್ಲಿ ಗೆಲುವು ಸೋಲು ಇಲ್ಲ. ಬೆಳಿಗ್ಗೆ ಒಂದು ಕಡೆ ಸೇರುತ್ತಾರೆ, ಸೂಚನೆ ಕೊಡುತ್ತಾರೆ, ಸಾಲಾಗಿ ಹೊರಡುತ್ತಾರೆ. ಕಷ್ಟದ ಜಾಗದಲ್ಲಿ ತಿಳಿದವರು ನಿಂತು ಕೈ ಸನ್ನೆಯಿಂದ ದಾರಿ ತೋರಿಸುತ್ತಾರೆ. ಸಿಕ್ಕಿಬಿದ್ದರೆ ಜಗ್ಗುತ್ತಾರೆ. ಇದನ್ನು ಮಕ್ಕಳ ಆಟ ಅಂತ ಹಗುರ ಮಾಡುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಗಾಡಿ ಒಂದು ಗಾಲಿ ಎತ್ತಿ ವಾಲಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ, ಆಗ ಕಾಲು ಎಲ್ಲಿರಬೇಕು ಅನ್ನುವುದನ್ನು ಪಕ್ಕದಲ್ಲಿ ಒಬ್ಬ ತಿಳಿದವರು ಇರುವಾಗಲೇ ಕಲಿಯುವುದು ಒಳ್ಳೆಯದು. ಇನ್ನೂ ಗಟ್ಟಿಯಾಗಿ ಕಲಿಯುವ ಮನಸ್ಸಿದ್ದರೆ ಎಲ್ಲಾದರೂ ಒಂದು ದಿನದ ತರಬೇತಿಗೆ ಸೇರಿ. ಟಯರಿಗೆ, ಬಂಪರಿಗೆ, ದೀಪಕ್ಕೆ ಹಾಕುವ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಟಿಎಸ್‌ಡಿ ಅಂದರೆ ಸಮಯ, ವೇಗ, ದೂರ. ಮೂರನೆಯ ಗೆಳೆಯ ಹೇಳಿದ್ದು ಇದನ್ನು. ಇದರಲ್ಲಿ ಜೋರಾಗಿ ಓಡಿಸುವವರು ಸೋಲುತ್ತಾರೆ. ಕೈಗೆ ಒಂದು ರೋಡ್‌ಬುಕ್ ಕೊಡುತ್ತಾರೆ. ಅದರಲ್ಲಿ ಪ್ರತಿ ತಿರುವಿನ ಚಿಕ್ಕ ಚಿತ್ರ, ದೂರ, ಹೋಗಬೇಕಾದ ಸರಾಸರಿ ವೇಗ ಇರುತ್ತದೆ. ಉದಾಹರಣೆಗೆ 12.6 ಕಿಲೋಮೀಟರ್ ದೂರವನ್ನು ಗಂಟೆಗೆ 36 ಕಿಲೋಮೀಟರ್ ಸರಾಸರಿಯಲ್ಲಿ ಹೋಗು ಅಂದರೆ ಸರಿಯಾಗಿ 21 ನಿಮಿಷಕ್ಕೆ ಮುಟ್ಟಬೇಕು. ಸಮಯ ಬರೆದುಕೊಳ್ಳುವವರು ಎಲ್ಲಿ ಕೂತಿದ್ದಾರೆ ಅಂತ ಮೊದಲೇ ಹೇಳುವುದಿಲ್ಲ. ತಡವಾದರೂ ದಂಡ, ಮೊದಲೇ ಮುಟ್ಟಿದರೂ ದಂಡ. ಹಲವು ರ‍್ಯಾಲಿಗಳಲ್ಲಿ ಮೊದಲೇ ಮುಟ್ಟಿದ್ದಕ್ಕೇ ದಂಡ ಹೆಚ್ಚು. ಚಕ್ಕಡಿ ಅಡ್ಡ ಬಂತು, ಕುರಿ ಹಿಂಡು ಬಂತು ಅಂದರೆ ಆ ನಿಮಿಷವನ್ನು ಮುಂದೆ ಸರಿದೂಗಿಸಬೇಕು. ಲೆಕ್ಕ ಹಾಕುವವರು ಪಕ್ಕದ ಸೀಟಿನಲ್ಲಿ ಇರುತ್ತಾರೆ. ನಿಮ್ಮ ಮನೆಯವರಿಗೆ ಲೆಕ್ಕದಲ್ಲಿ ಚುರುಕು ಇದ್ದರೆ ಇದಕ್ಕಿಂತ ಒಳ್ಳೆಯ ಆಟ ಸಿಗದು. ಇದಕ್ಕೆ ಫೋರ್ ಬೈ ಫೋರ್ ಬೇಕು ಅಂತಲೂ ಏನಿಲ್ಲ. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳಲು ಬಿಡುತ್ತಾರಾ ಅಂತ ಮೊದಲೇ ಕೇಳಿ. ಒಂದೊಂದು ಕಡೆ ಒಂದೊಂದು ನಿಯಮ.

ಹಿಮಾಲಯದ ರೇಡ್ ಡಿ ಹಿಮಾಲಯ 1999ರಲ್ಲಿ, ರಾಜಸ್ಥಾನದ ಡೆಸರ್ಟ್ ಸ್ಟಾರ್ಮ್ 2003ರಲ್ಲಿ ಶುರುವಾದವು. ಅವು ದಿನಗಟ್ಟಲೆಯ ದೂರದ ರ‍್ಯಾಲಿಗಳು. ವೇಗದ ವಿಭಾಗದ ಜೊತೆಗೆ ಟಿಎಸ್‌ಡಿ ವಿಭಾಗವೂ ಇದ್ದದ್ದರಿಂದ ನಮ್ಮಂಥವರೂ ಹೋಗಿ ಬಂದಿದ್ದಾರೆ. ಅರುಣಾಚಲದ ದಂಬುಕ್‌ನಲ್ಲಿ ಡಿಸೆಂಬರಿನ ಕಿತ್ತಳೆ ಹಬ್ಬದ ಜೊತೆ ನಡೆಯುವ ಆರೆಂಜ್ ಫೋರ್ ಬೈ ಫೋರ್ ಫ್ಯೂರಿ ಇನ್ನೊಂದು ರೀತಿಯದು. ಅಲ್ಲಿ ನದಿಯ ಗುಂಡುಕಲ್ಲು ಮತ್ತು ತಣ್ಣನೆ ನೀರು. ಇವೆಲ್ಲ ಈಗ ನಿಮಗೆ ದೂರದ ಮಾತು.

ನಾನು ಕೂಟಗಳನ್ನು ಹೋಲಿಸುವಾಗ ಮೊದಲು ನೋಡುವುದು ಮಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಹೊಲ ಅಣ್ಣಿಗೇರಿಯಲ್ಲಿದೆ.

ಗೋವಾದ ಕೆಂಪು ರಾಡಿ ನೋಡಲು ಭಯಂಕರ. ಆದರೆ ಬಹಳ ಕಡೆ ಅದರ ಕೆಳಗೆ ಜಂಬಿಟ್ಟಿಗೆ ಕಲ್ಲು ಇರುತ್ತದೆ. ಗಾಲಿ ಮೇಲಿನ ರಾಡಿ ಕತ್ತರಿಸಿಕೊಂಡು ಇಳಿದರೆ ಗಟ್ಟಿ ನೆಲ ಸಿಗುತ್ತದೆ, ಹಿಡಿತ ಬರುತ್ತದೆ. ನಮ್ಮ ಎರಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಹಾಗಲ್ಲ. ಅಣ್ಣಿಗೇರಿ, ನವಲಗುಂದ, ನರಗುಂದ, ರೋಣದ ಎರಿ ಕೆಲವು ಕಡೆ ಒಂದಾಳುದ್ದ ಅಗೆದರೂ ಮುಗಿಯುವುದಿಲ್ಲ. ಅದರಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಹಸಿ ಇದ್ದಾಗ ಟಯರಿನ ಸಂದಿಗೆಲ್ಲ ತುಂಬಿಕೊಳ್ಳುತ್ತದೆ. ನಾಲ್ಕು ಸುತ್ತಿನಲ್ಲಿ ನಿಮ್ಮ ದುಬಾರಿ ಮಡ್ ಟಯರ್ ಬೋಳು ಟಯರ್ ಆಗುತ್ತದೆ. ಗಾಳಿ ಇಳಿಸಿದರೆ ಮರಳಿನಲ್ಲಿ ಉಪಯೋಗ ಆಗುವಷ್ಟು ಇಲ್ಲಿ ಆಗುವುದಿಲ್ಲ. ಗಾಲಿಯ ಕಮಾನಿನೊಳಗೆ ಮಣ್ಣು ಒತ್ತಿ ಒತ್ತಿ ಕೊನೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಹಸಿ ಎರಿಗೆ ಚಕ್ಕಡಿ ಬಿಡಬಾರದು ಅನ್ನುವುದು ನಮ್ಮ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಡಿ ಓಡಿಸುವ ನಾವು ಅದನ್ನು ಅವರಿಂದ ಕಲಿಯಬೇಕು.

ನಾನು ಕಲಿತ ದಿನ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಗುಂಪಿನವರು ನವಲಗುಂದದ ಕಡೆ ಕೂಟ ಮಾಡಿದ್ದರು. ಹದಿನಾಲ್ಕು ಗಾಡಿ. ನಾನು ನನ್ನ ಜಿಪ್ಸಿ ಒಯ್ದಿದ್ದೆ. ನವೆಂಬರ್ ಮೊದಲ ವಾರ. ಹಿಂದಿನ ರಾತ್ರಿ ಸ್ವಾತಿ ಮಳೆ ಒಂದು ತಾಸು ಹೊಡೆದಿತ್ತು. ಬೆಳಿಗ್ಗೆ ಬಿಸಿಲು ಬಿದ್ದು ಮೇಲೆ ಒಣಗಿದ ಹಾಗೆ ಕಂಡಿತು. ನಡೆಸುವವರು ಹೊರಡೋಣ ಅಂದರು. ಚಕ್ಕಡಿ ದಾರಿಯಲ್ಲಿ ಮೂರು ಗಾಡಿ ದಾಟಿದವು. ನಾಲ್ಕನೆಯದು ಆಕ್ಸಲ್ ಮಟ್ಟ ಕೂತಿತು. ಐದನೆಯವರು ಅದನ್ನು ಜಗ್ಗಲು ಪಕ್ಕದ ಹೊಲಕ್ಕೆ ಇಳಿದರು. ಅವರ ಹಿಂದೆ ಆರನೆಯವನಾಗಿ ನಾನೂ ಇಳಿದೆ. ಕಡಲೆ ನಾಲ್ಕು ಬೆರಳು ಎದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಆರು ಗಾಡಿ ಹೂತಿದ್ದವು. ಸುಮಾರು ಅರ್ಧ ಎಕರೆ ಕಡಲೆ ಅರೆದು ಹೋಗಿತ್ತು. ಕೊನೆಗೆ ಎರಡು ಟ್ರ್ಯಾಕ್ಟರ್ ತಂದು ಜಗ್ಗಿಸಬೇಕಾಯಿತು.

ಹೊಲದ ಯಜಮಾನರು ಬಂದರು. ಬೈಯಲಿಲ್ಲ. ನಿಂತು ನೋಡಿದರು. "ನಿಮ್ಮ ಗಾಡಿ ಟ್ರ್ಯಾಕ್ಟರ್‌ನ್ಯಾಗ ಜಗ್ಗಿಕೊಂಡು ಹೋಗ್ತೀರಿ ಸಾಹೇಬ್ರ, ಕಾಳು ಯಾರು ಜಗ್ಗಿ ಎಬ್ಬಸವ್ರು?" ಅಂದರು. ನಾವು ಕೆಲವರು ಸೇರಿ ಆ ಬೆಳೆಯ ದುಡ್ಡು ಕೊಟ್ಟೆವು. ಆದರೆ ಹಸಿ ಎರಿಯನ್ನು ಗಾಲಿ ತುಳಿದರೆ ಅದು ಒಣಗಿ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಮುಂದಿನ ವರ್ಷದ ಗಳೆ ಕೂಡ ಅಲ್ಲಿ ಸರಿಯಾಗಿ ಇಳಿಯಲಿಲ್ಲವಂತೆ. ನಾನೂ ಆ ಹೊಲಕ್ಕೆ ಇಳಿದವರಲ್ಲಿ ಒಬ್ಬ. ಅದು ನನಗೆ ಇವತ್ತಿಗೂ ನೋವು.

ಆ ದಿನ ತಪ್ಪಾದದ್ದು ಮಳೆಯಿಂದಲ್ಲ. ವಾಪಸ್ ಹೋಗೋಣ ಅನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ದಾರಿ ಮೊದಲು ನಡೆದು ನೋಡಿದವರು ಇರಲಿಲ್ಲ. ಹೊಲದ ಯಜಮಾನರನ್ನು ಕೇಳಿರಲಿಲ್ಲ. ಆದ್ದರಿಂದ ಈಗ ಯಾವ ಕೂಟಕ್ಕೆ ಕರೆದರೂ ನಾನು ಫೋನಿನಲ್ಲಿ ಮೊದಲು ಕೇಳುವುದು ಇಷ್ಟು: ಜಾಗ ಯಾರದು? ಹಿಂದಿನ ರಾತ್ರಿ ಮಳೆ ಬಂದರೆ ಏನು ಮಾಡುತ್ತೀರಿ? ಸಾಲಿನ ಕೊನೆಯ ಗಾಡಿ ಯಾರದು? ಈ ಮೂರಕ್ಕೆ ಥಟ್ ಅಂತ ಉತ್ತರ ಬಂದರೆ ಆ ಕೂಟ ಚಿಕ್ಕದಾದರೂ ಹೋಗುತ್ತೇನೆ. ಎಷ್ಟು ಗಾಡಿ ಬರುತ್ತವೆ, ಊಟಕ್ಕೆ ಏನು, ಟೀ ಶರ್ಟ್ ಯಾವ ಬಣ್ಣ ಅಂತಲೇ ಹೇಳುತ್ತಿದ್ದರೆ ಹೋಗುವುದಿಲ್ಲ.

ಈ ವಿಷಯದಲ್ಲಿ ಅಮೆರಿಕದವರಿಂದ ಕಲಿಯುವುದಿದೆ. ಕ್ಯಾಲಿಫೋರ್ನಿಯಾದ ರೂಬಿಕಾನ್ ದಾರಿಯಲ್ಲಿ ಜೀಪುಗಳ ಜಂಬೂರಿ ಶುರುವಾದದ್ದು 1953ರಲ್ಲಿ. ಯೂಟಾ ರಾಜ್ಯದ ಮೋಯಬ್ ಊರಿನಲ್ಲಿ ಈಸ್ಟರ್ ಜೀಪ್ ಸಫಾರಿ 1967ರಲ್ಲಿ ಒಂದು ದಿನದ ಸವಾರಿಯಾಗಿ ಶುರುವಾಯಿತು, ಈಗ ಒಂಬತ್ತು ದಿನ ನಡೆಯುತ್ತದೆ. ಅಲ್ಲಿ ರಾಡಿ ಇಲ್ಲ, ಬರೀ ಮರಳುಗಲ್ಲಿನ ಬಂಡೆ. ಟಯರ್ ಚೆನ್ನಾಗಿ ಕಚ್ಚುತ್ತದೆ, ನಿಧಾನವಾಗಿ ಹತ್ತಬೇಕು. ನನಗೆ ಅವರಲ್ಲಿ ಇಷ್ಟವಾಗುವುದು ಎರಡು. ಪ್ರತಿ ದಾರಿಗೂ ಕಷ್ಟದ ಅಂಕಿ ಕೊಟ್ಟಿರುತ್ತಾರೆ, ನಿಮ್ಮ ಗಾಡಿಗೂ ಅನುಭವಕ್ಕೂ ಒಪ್ಪುವ ದಾರಿಗೆ ಹೆಸರು ಕೊಡುತ್ತೀರಿ. ಮತ್ತೆ, ಸರ್ಕಾರಿ ಜಮೀನಿಗೆ ಅನುಮತಿ ಪಡೆದು, ಇದ್ದ ದಾರಿಯಲ್ಲೇ ಓಡಿಸುತ್ತಾರೆ. ನಮ್ಮಲ್ಲಿ ಇನ್ನೂ ಎಲ್ಲ ಗಾಡಿಯೂ ಒಂದೇ ಸಾಲು, ಹೊಸಬರೂ ಹಳಬರೂ ಒಂದೇ ದಿಬ್ಬ. ಹೊಸಬರಿಗೆ ಅವಮಾನ ಆಗುವುದು, ಗಾಡಿ ಮುರಿಯುವುದು ಅಲ್ಲೇ.

ಹಾಗಾದರೆ ನೀವು ಏನು ಮಾಡಬೇಕು? ನನ್ನ ಲೆಕ್ಕದಲ್ಲಿ ಮೊದಲು ಕಂಪನಿಯ ಒಂದು ದಿನದ ಟ್ರೇಲ್. ಆಮೇಲೆ ಚಳಿಗಾಲದಲ್ಲಿ ಮನೆಯವರ ಜೊತೆ ಒಂದು ಟಿಎಸ್‌ಡಿ. ಜುಲೈಯಲ್ಲಿ ಗೋವಾಕ್ಕೆ ಪ್ರೇಕ್ಷಕರಾಗಿ. ಎರಡು ವರ್ಷ ಕಳೆದ ಮೇಲೂ ರಾಡಿಯಲ್ಲಿ ಹಗ್ಗ ಹೊರುವ ಆಸೆ ಹಾಗೇ ಉಳಿದಿದ್ದರೆ ಸ್ಪರ್ಧೆಯ ಮಾತು. ಅದೂ ಮೊದಲ ಸಲ ಬೇರೆಯವರ ಗಾಡಿಯಲ್ಲಿ ಸಹಚಾಲಕರಾಗಿ ಹೋಗಿ.

ನೀವೇ ಕೂಟ ಮಾಡುವ ಆಸೆಯನ್ನೂ ಬಿಡಬೇಡಿ. ಏಳೆಂಟು ಗಾಡಿ ಸರಿಯಾದ ಸಂಖ್ಯೆ. ಹದಿನೈದು ಆದರೆ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ. ಎರಿ ಬಿಟ್ಟು ಮಡ್ಡಿ ಹುಡುಕಿ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆ, ಹಾವೇರಿ ಜಿಲ್ಲೆಯ ಕೆಂಪು ಗರಸು ನೆಲದಲ್ಲಿ, ಬೆಳೆ ಇಲ್ಲದ ಖಾಸಗಿ ಜಮೀನು ಸಿಗುತ್ತದೆ. ಯಜಮಾನರಿಂದ ಬರೆದು ಒಪ್ಪಿಗೆ ಪಡೆಯಿರಿ, ಊರ ಪಂಚಾಯ್ತಿಗೂ ಪೊಲೀಸ್ ಠಾಣೆಗೂ ತಿಳಿಸಿ. ಸುಗ್ಗಿ ಮುಗಿದ ಮೇಲೆ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಅಡ್ಡಮಳೆ ಶುರುವಾಗುತ್ತದೆ. ಬಿಟ್ಟ ಕಲ್ಲು ಕ್ವಾರಿಗೆ ಹೋಗೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನೀರು ಎಷ್ಟು ಆಳ ಅಂತ ಮೇಲಿಂದ ತಿಳಿಯುವುದಿಲ್ಲ. ಹಳ್ಳದ ಪಾತ್ರದಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಕೂರಬೇಡಿ. ಬೆಣ್ಣೆಹಳ್ಳ ಹೇಗೆ ಬರುತ್ತದೆ ಅಂತ ನವಲಗುಂದದವರನ್ನು ಕೇಳಿ. ಅಲ್ಲಿ ಹನಿ ಮಳೆ ಇರುವುದಿಲ್ಲ, ಮೇಲೆ ಎಲ್ಲೋ ಬಿದ್ದ ಮಳೆಗೆ ಹಳ್ಳ ತುಂಬಿ ಬರುತ್ತದೆ.

ಜಗ್ಗುವ ಹಗ್ಗದ ಬಗ್ಗೆ ಒಂದು ಮಾತು, ಇದರಲ್ಲಿ ಜೀವ ಹೋಗುತ್ತದೆ. ನಿಮ್ಮ ಅಂಗಡಿಯಲ್ಲಿ ಸಿಗುವ ತಂತಿ ಹಗ್ಗ ಅಥವಾ ಕಬ್ಬಿಣದ ಸರಪಳಿಯಿಂದ ಜರ್ಕ್ ಕೊಟ್ಟು ಜಗ್ಗಬೇಡಿ. ಹಿಗ್ಗುವ ಕೈನೆಟಿಕ್ ಹಗ್ಗ ತಗೊಳ್ಳಿ, ತೂಕಕ್ಕೆ ತಕ್ಕ ಶ್ಯಾಕಲ್ (ಹಗ್ಗವನ್ನು ಗಾಡಿಗೆ ಸೇರಿಸುವ ಕೊಂಡಿ) ತಗೊಳ್ಳಿ. ಟ್ರೇಲರ್ ಕಟ್ಟುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಎಂದೂ ಹಗ್ಗ ಹಾಕಬೇಡಿ. ಅದು ಮುರಿದು ಗುಂಡಿನ ಹಾಗೆ ಹಾರಿ ಬರುತ್ತದೆ. ಮ್ಯಾನ್ಯುಯಲ್ ತೆಗೆದು ಕಂಪನಿ ಕೊಟ್ಟ ಟೋ ಹುಕ್ ಎಲ್ಲಿದೆ ನೋಡಿ, ಬಗ್ಗಿ ಕೈಯಿಂದ ಮುಟ್ಟಿ ನೋಡಿ. ಹಗ್ಗದ ನಡುವೆ ಒಂದು ಭಾರದ ಚೀಲ ಅಥವಾ ಒದ್ದೆ ಗೋಣಿ ಹಾಕಿ. ಜಗ್ಗುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಯಾರೂ ನಿಲ್ಲಬಾರದು. ಮಕ್ಕಳು ಅಂತೂ ಇನ್ನೂ ದೂರ. ವಿಡಿಯೋ ಮಾಡುವವರನ್ನು ಮುಲಾಜಿಲ್ಲದೆ ದೂರ ಕಳಿಸಿ.

ಸಾಲಿನಲ್ಲಿ ಹೋಗುವಾಗ ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುತ್ತಿರಬೇಕು. ಕಾಣದಿದ್ದರೆ ನಿಲ್ಲಿ, ಆಗ ಮುಂದಿನವರೂ ನಿಲ್ಲುತ್ತಾರೆ. ಈ ಒಂದು ನಿಯಮ ಪಾಲಿಸಿದರೆ ಯಾರೂ ಕಳೆದುಹೋಗುವುದಿಲ್ಲ. ಕುಡಿದವರು ಆ ದಿನ ಸ್ಟೀರಿಂಗ್ ಮುಟ್ಟಬಾರದು, ಅವರು ಎಷ್ಟೇ ಆಪ್ತರಾದರೂ ಸರಿ.

ಸಂಜೆ ಹೊರಡುವ ಮುಂಚೆ ಎಲ್ಲರೂ ಸಲಿಕೆ ಹಿಡಿದು ಗಾಲಿಯ ಗುಂಡಿ ಮುಚ್ಚಿ. ಯಜಮಾನರನ್ನು ಕರೆದು ಜಾಗ ತೋರಿಸಿ. ಒಡ್ಡು ಎಲ್ಲಾದರೂ ಒಡೆದಿದ್ದರೆ ಅಲ್ಲೇ ಕಟ್ಟಿಕೊಟ್ಟು ಬನ್ನಿ. ಆಮೇಲೆ ಟಯರಿನ ಗಾಳಿ. ಗರಸಿನ ಮೇಲೆ ಓಡಿಸಲು 20 ಪಿಎಸ್‌ಐ ಸುತ್ತ ಇಳಿಸಿರುತ್ತೀರಿ. ಹಾಗೇ ಹೆದ್ದಾರಿಗೆ ಹೋದರೆ ಟಯರ್ ಕಾದು ಒಡೆಯುತ್ತದೆ. ಚಿಕ್ಕ ಕಂಪ್ರೆಸರ್ ಒಂದು ಗಾಡಿಯಲ್ಲಿ ಇರಲಿ. ನಾಲ್ಕೂ ಗಾಲಿಗೆ ಗಾಳಿ ತುಂಬಿ, ಗೇಜ್ ಹಿಡಿದು ನೋಡಿ, ಫೋರ್ ಬೈ ಫೋರ್ ಲಿವರ್ ಟೂ ಹೈಗೆ (ಎರಡೇ ಗಾಲಿಗೆ ಬಲ ಹೋಗುವ ಗೇರ್) ತಂದ ಮೇಲೆ ಡಾಂಬರು ಹತ್ತಿ.